ಉಪ್ಪು ತಿಂದೋನು ಇನ್ನೂ ಎಷ್ಟು ವರ್ಷ ದುಡೀಬೇಕು?

ಅಮೇರಿಕದಲ್ಲಿರೋ ನಮ್ಮಕ್ಕನ ಮಗನಿಗೆ ಗ್ರೀನ್ ಕಾರ್ಡ್ ಬಂತು. ಏಳನೇ ತಿಂಗ್ಳಿಗೆ ಕಂಪನಿ ಬಿಟ್ಟು ಬೇರೆ ಕಡೆ ಸೇರ್ಕಂಡ. ಸುದ್ದಿ ತುರುವೇಕೆರೆ ಮುಟ್ಟೋ ಹೊತ್ಗೆ ‘ಉಂಡ ಮನೆಗೇ ಎರಡು ಬಗೆದ’ ಅಂತ ಆಗಿತ್ತು. ಅಂದೋರು ಹೊರಗಿನೋರಲ್ಲ, ನಮ್ಮೋರೇ. ಅದ್ಕೇ ಇಲ್ಲೇ ಬರೀತಿದೀನಿ. ಬೇಜಾರಾದ್ರೆ ಮನೆಗೇ ಬಂದು ಬಯ್ರವ್ವ, ಕಾಫಿ ಕಾಸ್ತೀನಿ.

ಯಾರು ಯಾರಿಗೆ ಉಣ್ಣಿಸಿದ್ದು ಅನ್ನೋದು ಮೊದ್ಲು ನೋಡಣ. ಕೆಲಸದ ಮೇಲೆ ಅಲ್ಲಿ ವರ್ಷಕ್ಕೆ ಕೊಡೋದು ಸುಮಾರು 1,40,000 ಕಾರ್ಡು, ಹೆಂಡ್ತಿ ಮಕ್ಕಳ ಲೆಕ್ಕವೂ ಅದ್ರಲ್ಲೇ. ಒಂದು ದೇಶಕ್ಕೆ ಸಾಮಾನ್ಯವಾಗಿ ನೂರಕ್ಕೆ ಏಳಕ್ಕಿಂತ ಹೆಚ್ಚಿಲ್ಲ. ನಮ್ಮಂಥ ದೊಡ್ಡ ದೇಶಕ್ಕೂ ಅಂಗೈಯಗಲದ ದೇಶಕ್ಕೂ ಒಂದೇ ಸೇರು. ಇವನು ಕಾದಿದ್ದು ಹನ್ನೆರಡು ವರ್ಷ. ನಡುವೆ ಬೇರೆ ಕಂಪನಿಗೆ ಹೋದ್ರೆ ಸರದಿ ತಾರೀಕು ಉಳಿದ್ರೂ ಕಾಗದಪತ್ರ ಮತ್ತೆ ಮೊದ್ಲಿಂದ. ಕೆಲಸ ಹೋದ್ರೆ ಇನ್ನೊಂದು ಹುಡುಕಕ್ಕೆ ಹೆಚ್ಚಂದ್ರೆ 60 ದಿನ. ಇವನ ಹೆಂಡ್ತಿ ಇಂಜಿನಿಯರಿಂಗ್ ಓದಿರೋಳು. ಅಂಥ ವೀಸಾದ ಹೆಂಡ್ತೀರು 2015ರವರೆಗೆ ದುಡಿಯಂಗೇ ಇರ್ಲಿಲ್ಲ, ಆಮೇಲೂ ಗಂಡನ ಅರ್ಜಿ ಒಂದು ಹಂತ ದಾಟಿದ್ರೆ ಮಾತ್ರ. ಇಷ್ಟೆಲ್ಲಾ ಕುತ್ತಿಗೆ ಮೇಲಿದ್ರೆ ಸಂಬಳ ಏರಿಸಿ ಅಂತ ಎಂಗೆ ಕೇಳ್ತಾನೆ? ಜೀತ ಅನ್ನಲ್ಲ ನಾನು, ಅದು ಬೇರೆಯದೇ ನರಕ, 1976ರಲ್ಲಿ ಕಾನೂನು ಮಾಡಿ ತೆಗೆದದ್ದು. ಆದ್ರೆ ಕಟ್ಟು ಕಟ್ಟೇ.

‘ಕಂಪನಿ ಖರ್ಚು ಮಾಡಿತ್ತಲ್ಲ’ ಅಂತೀರಿ. ಹೌದು, ಮೊದಲ ಹಂತದ ವಕೀಲರ ಖರ್ಚು ಕಂಪನಿಯೇ ಹಾಕ್ಬೇಕು ಅಂತ 2007ರಿಂದ ನಿಯಮವೇ ಇದೆ. ಈ ಕೆಲಸಕ್ಕೆ ಇಲ್ಲಿನೋರು ಸಿಕ್ತಿಲ್ಲ ಅಂತ ಸರ್ಕಾರಕ್ಕೆ ಬರ್ಕೊಡೋದೂ ಕಂಪನಿನೇ. ಗರಜು ಅವರದ್ದು, ದಾನ ಎಲ್ಲಿಂದ ಬಂತು? ಮಂಡಿಯೋರು ಮುಂಗಡ ಕೊಟ್ರು ಅನ್ಕಳಿ. ಹತ್ತು ಹನ್ನೊಂದು ತಿಂಗ್ಳು ಅಟ್ಟದ ಮೇಲೆ ಕಾಯಿ ಕಾದು, ಸುಲಿದು, ಒಡೆದು, ಕೊಬ್ಬರಿ ಹಾಕಿ ಲೆಕ್ಕ ಚುಕ್ತಾ ಮಾಡಿದ್ಮೇಲೂ ಮುಂದಿನ ವರ್ಷದ ಕೊಬ್ಬರಿ ಅವರಿಗೇ ಹಾಕ್ಬೇಕಾ? ತಿಪಟೂರು ಮಾರ್ಕೆಟ್ನಲ್ಲಿ ಇನ್ನೊಬ್ಬ ಹೆಚ್ಚು ಕೂಗಿದ್ರೆ ನಿಮ್ಮ ಯಜಮಾನ್ರು ಎಲ್ಲಿಗೆ ಹೋಗ್ತಾರೆ, ನಂಗೊತ್ತಿಲ್ವಾ!

2023ರ ಜನವರಿಯಲ್ಲಿ ಗೂಗಲ್ 12,000 ಜನರನ್ನ ತೆಗೀತೀವಿ ಅಂತು. ಅಲ್ಲಿ ಎಷ್ಟೋ ಜನಕ್ಕೆ ಗೊತ್ತಾಗಿದ್ದು ಈಮೇಲ್ನಲ್ಲಿ. ‘ದುಡಿಸ್ಕಂಡ ಮನೆಗೆ ದ್ರೋಹ’ ಅಂತ ಆಗ ಯಾರೂ ಅನ್ಲಿಲ್ಲ. ಗಾದೆ ಒಂದೇ ಕಡೆ ಹರೀತದೆ.

ಆದ್ರೆ ಹುಡುಗ್ರು ಮಾಡಿದ್ದೆಲ್ಲ ಸರಿ ಅಂತ ನಾನು ಅನ್ನಲ್ಲ. ಕಾರ್ಡ್ ಬಂದ್ಮೇಲೆ ಇಷ್ಟೇ ತಿಂಗ್ಳು ಇರ್ಬೇಕು ಅಂತ ಕಾನೂನಲ್ಲಿ ಬರೆದಿಲ್ಲ. ಅದು ಕೇಳೋದು ಮನಸ್ಸನ್ನ. ಕಾರ್ಡ್ ಬರೋ ಹೊತ್ತಿಗೆ ಆ ಕೆಲಸ ಮಾಡೋ ಉದ್ದೇಶ ನಿಜವಾಗಿತ್ತಾ ಅಂತ. ಇನ್ನೊಂದು ಕಂಪನಿ ಕಾಗದ ಜೇಬಲ್ಲಿಟ್ಕಂಡು ಕಾರ್ಡ್ ಇಸ್ಕಂಡು, ಮಾರನೇ ದಿನಾನೇ ಎದ್ದು ಹೋಗೋದು ಸುಳ್ಳೇ. ಕೊನೇ ಅರ್ಜಿ ಹಾಕಿ 180 ದಿನ ಆದ್ರೆ ಅದೇ ಥರದ ಕೆಲಸಕ್ಕೆ ಬದಲಾಯಿಸ್ಬಹುದು ಅಂತ 2000ದ ಕಾನೂನಿದೆ, ಅದನ್ನಾದ್ರೂ ಬಳಸ್ಕಳ್ಳಿ. ಐದು ವರ್ಷ ಆದ್ಮೇಲೆ ಪೌರತ್ವಕ್ಕೆ ಹೋದಾಗ ಅಧಿಕಾರಿ ಹಳೇ ಫೈಲು ತೆಗೆದು ಕೇಳ್ಬಹುದು. ಮಕ್ಕಳಿಗೆ ಫೋನ್ ಮಾಡ್ದಾಗ ‘ಯಾಕೆ ಬಿಟ್ಟೆ’ ಅನ್ನೋ ಬದ್ಲು, ಸಂಬಳದ ಚೀಟಿ, ಕೆಲಸದ ಕಾಗದ ಎಲ್ಲಾ ಒಂದು ಡಬ್ಬಿಲಿ ಜೋಪಾನ ಮಾಡ್ಕಳಪ್ಪಾ ಅನ್ರಿ.