ನುಡಿಯದ ತಂತಿಗೆ ಕೋಟಿಯ ಬೆಲೆ

ಹೆಸರಾಂತ ವಾದಕರ ವಿದ್ಯುತ್ ಗಿಟಾರುಗಳು ಪರದೇಶದ ಹರಾಜಿನಲ್ಲಿ ಕೋಟಿಗಟ್ಟಲೆ ಬೆಲೆಗೆ ಹೋದವೆಂಬ ಸುದ್ದಿ ಬಂದಾಗಲೆಲ್ಲ ನಮ್ಮ ಸಂಗೀತಪ್ರಿಯರ ಬಾಯಿಂದ ಒಂದು ನಿಟ್ಟುಸಿರು ಹೊರಡುತ್ತದೆ. "ನೋಡಿರಿ, ಅವರು ತಮ್ಮ ಕಲಾವಿದರನ್ನು ಹೇಗೆ ಗೌರವಿಸುತ್ತಾರೆ! ನಮ್ಮ ಮನ್ಸೂರರ ತಂಬೂರಿಗೆ, ಗಂಗೂಬಾಯಿಯವರ ತಂಬೂರಿಗೆ ಹೀಗೆ ಬೆಲೆ ಕಟ್ಟುವವರು ಯಾರಿದ್ದಾರೆ? ನಾವು ಕೃತಘ್ನರು!" ಸಭೆಯಲ್ಲಿ ಈ ಮಾತು ಬಂದರೆ ಚಪ್ಪಾಳೆ ತಪ್ಪದು. ನನಗೆ ಮಾತ್ರ ಇದು ಒಪ್ಪಿಗೆಯಿಲ್ಲ. ನಾವು ಕೃತಘ್ನರೇ ಇರಬಹುದು. ಆದರೆ ಅದನ್ನು ಅಳೆಯುವ ಕೋಲು ಹರಾಜಿನವನ ಕೈಯ ಸುತ್ತಿಗೆಯಲ್ಲ.

ಮೊದಲು ಆ ಬೆಲೆಗಳನ್ನೇ ನೋಡೋಣ. 2019ರ ಜೂನ್ ತಿಂಗಳಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮೋರರ ಕಪ್ಪು ಸ್ಟ್ರ್ಯಾಟೋಕ್ಯಾಸ್ಟರ್ ಗಿಟಾರು 39 ಲಕ್ಷ 75 ಸಾವಿರ ಡಾಲರಿಗೆ, ಅಂದಿನ ದರದಲ್ಲಿ 27 ಕೋಟಿ ರೂಪಾಯಿಗೂ ಮಿಕ್ಕ ಬೆಲೆಗೆ ಹೋಯಿತು. ಮರುವರ್ಷ, ತನ್ನ 27ನೆಯ ವಯಸ್ಸಿನಲ್ಲಿ ತೀರಿಹೋದ ಕರ್ಟ್ ಕೊಬೇನ್ 1993ರಲ್ಲಿ ಟಿ.ವಿ. ಕಾರ್ಯಕ್ರಮವೊಂದರಲ್ಲಿ ನುಡಿಸಿದ ಮಾರ್ಟಿನ್ ಗಿಟಾರು 60 ಲಕ್ಷ ಡಾಲರು ದಾಟಿತು. ಅಂದರೆ ಹತ್ತಿರ ಹತ್ತಿರ 45 ಕೋಟಿ ರೂಪಾಯಿ. 2022ರಲ್ಲಿ ಅದೇ ಕೊಬೇನನ ನೀಲಿ ಫೆಂಡರ್ ಮಸ್ಟ್ಯಾಂಗಿಗೆ 45 ಲಕ್ಷ ಡಾಲರು ಬಂತು.

ವಿದ್ಯುತ್ ಗಿಟಾರಿನ ಒಳಗುಟ್ಟು ಬಲ್ಲವರಿಗೆ ಈ ಬೆಲೆ ಇನ್ನೂ ವಿಚಿತ್ರವಾಗಿ ತೋರಬೇಕು. ಅದರ ಉಕ್ಕಿನ ತಂತಿಗಳ ಕೆಳಗೆ ಸಣ್ಣ ತಾಮ್ರದ ತಂತಿ ಸುತ್ತಿದ ಅಯಸ್ಕಾಂತಗಳಿರುತ್ತವೆ. ತಂತಿ ಕಂಪಿಸಿದಾಗ ಅಲ್ಲಿ ಹುಟ್ಟುವ ವಿದ್ಯುತ್ತನ್ನು ಹೊರಗಿನ ಯಂತ್ರವೊಂದು ಹಿಗ್ಗಿಸಿ ನಾದ ಮಾಡಿ ಕೊಡುತ್ತದೆ. 1954ರಲ್ಲಿ ಸ್ಟ್ರ್ಯಾಟೋಕ್ಯಾಸ್ಟರನ್ನು ಮಾರುಕಟ್ಟೆಗೆ ತಂದ ಲಿಯೋ ಫೆಂಡರ್ ಮೂಲತಃ ರೇಡಿಯೋ ರಿಪೇರಿಯವನು; ಅವನಿಗೆ ಗಿಟಾರು ನುಡಿಸಲು ಬರುತ್ತಲೇ ಇರಲಿಲ್ಲ. ಕಾರಖಾನೆಯಲ್ಲಿ ಬೇಗ ಜೋಡಿಸಬೇಕು, ಕೆಟ್ಟರೆ ಬೇಗ ಬದಲಿಸಬೇಕು ಎಂದು ಕತ್ತಿನ ಭಾಗವನ್ನು ಒಡಲಿಗೆ ಸ್ಕ್ರೂಗಳಿಂದ ಬಿಗಿಯುವ ಪದ್ಧತಿ ಅವನದು. ಗಿಲ್ಮೋರರು 1970ರಲ್ಲಿ ನ್ಯೂಯಾರ್ಕಿನ ಅಂಗಡಿಯೊಂದರಲ್ಲಿ ಕೊಂಡ ಆ ಕಪ್ಪು ಗಿಟಾರಿಗೂ ಇದೇ ಆಯಿತು. ಕತ್ತು ಬದಲಾಯಿತು, ಒಮ್ಮೆಯಲ್ಲ, ಹಲವು ಸಲ, ಅಯಸ್ಕಾಂತಗಳು ಬದಲಾದವು, ಬಣ್ಣವೂ ಮೊದಲಿನದಲ್ಲ. ಹಾಗಾದರೆ 27 ಕೋಟಿ ಕೊಟ್ಟವರು ಕೊಂಡದ್ದೇನನ್ನು? ಕಟ್ಟಿಗೆಯನ್ನಲ್ಲ, ತಂತಿಯನ್ನಲ್ಲ, ನಾದವನ್ನಂತೂ ಅಲ್ಲ. ಒಬ್ಬ ದೊಡ್ಡ ವಾದಕನ ಕೈ ಇಲ್ಲಿ ತಾಗಿತ್ತು ಎಂಬ ನಂಬುಗೆಯನ್ನು ಕೊಂಡರು.

ಈ ನಂಬುಗೆಯನ್ನು ನಾನು ಹಾಸ್ಯ ಮಾಡಲಾರೆ. ಗದ್ದುಗೆಗೆ ಹಣೆ ಹಚ್ಚುವ ಜನ ನಾವು. ರಾಮನ ಪಾದುಕೆಗಳನ್ನು ತಲೆಯ ಮೇಲೆ ಹೊತ್ತು ತಂದ ಭರತನ ಕಥೆ ಕೇಳಿ ಕಣ್ಣೊರೆಸಿಕೊಳ್ಳದ ಮನೆ ನಮ್ಮಲ್ಲಿ ಯಾವುದು? ಆದರೆ ಆ ಕಥೆಯನ್ನು ಪೂರ್ತಿ ಓದಬೇಕು. ಭರತನು ಪಾದುಕೆಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಿಲ್ಲ. ಸಿಂಹಾಸನದ ಮೇಲಿಟ್ಟು ಹದಿನಾಲ್ಕು ವರುಷ ಅವುಗಳ ಹೆಸರಿನಲ್ಲಿ ರಾಜ್ಯದ ಕೆಲಸ ನಡೆಸಿದ. ರಾಮ ಮರಳಿ ಬಂದ ದಿನ ತನ್ನ ಕೈಯಾರೆ ಅವನ್ನು ಅಣ್ಣನ ಕಾಲಿಗೇ ತೊಡಿಸಿದ. ವಸ್ತುವನ್ನು ಪೂಜಿಸುವುದೆಂದರೆ ಅದರ ಕೆಲಸ ನಿಲ್ಲದಂತೆ ನೋಡಿಕೊಳ್ಳುವುದು. ಈ ಅಳತೆಯಿಂದ ನೋಡಿದರೆ ನಮ್ಮ ತಪ್ಪು ಬೇರೆ ಕಡೆಗೇ ಇದೆ.

ನಾನು ಇರುವುದು ಕೊಣ್ಣೂರಿನಲ್ಲಿ. ಗೋಕಾಕ ರೋಡ ನಿಲ್ದಾಣದಲ್ಲಿ ಬಡಗಲ ಗಾಡಿ ಹತ್ತಿದರೆ ಒಂದೆರಡು ತಾಸಿನಲ್ಲಿ ಮಿರಜ; ತೆಂಕಲ ಗಾಡಿ ಹತ್ತಿದರೆ ಬೆಳಗಾವಿಯ ಮೊದಲೇ ಸುಳೇಭಾವಿ. ಸುಳೇಭಾವಿಯಲ್ಲಿ 1924ರಲ್ಲಿ ಕುಮಾರ ಗಂಧರ್ವರು ಹುಟ್ಟಿದರು. ಮಿರಜದಲ್ಲಿ ಸುಮಾರು ನೂರೆಪ್ಪತ್ತು ವರುಷಗಳಿಂದ ತಂಬೂರಿ ಹುಟ್ಟುತ್ತಿವೆ. ಅಲ್ಲಿಯ ತಂಬೂರಿ ಮಾಡುವವರ ಹಿರಿಯರು ಶಿಕಲಗಾರರು, ಎಂದರೆ ಕತ್ತಿಗೆ ಸಾಣೆ ಹಿಡಿಯುವವರು. ಸಂಸ್ಥಾನಗಳ ಕತ್ತಿಗಳು ಒರೆ ಸೇರಿದ ಮೇಲೆ ಅದೇ ಕೈಗಳು ತಂತಿವಾದ್ಯಕ್ಕೆ ತಿರುಗಿದವು. ಭೀಮಾ ತೀರದ ಮಂಗಳವೇಡೆ, ಪಂಢರಪುರಗಳ ಕಡೆಯಿಂದ ದೊಡ್ಡ ಕುಂಬಳಬುರುಡೆ ತಂದು, ಒಣಗಿಸಿ, ಅದಕ್ಕೆ ತುಣ ಮರದ ದಂಡಿ ಕೂಡಿಸಿ ಅವರು ಮಾಡುವ ತಂಬೂರಿ ದೇಶದಲ್ಲೆಲ್ಲ ಹೆಸರಾಗಿದೆ. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂಖಾನರು ನೆಲೆ ನಿಂತದ್ದು ಇದೇ ಮಿರಜದಲ್ಲಿ. 1937ರಲ್ಲಿ ತೀರಿಕೊಂಡ ಅವರ ಸಮಾಧಿಯೂ ಅಲ್ಲಿಯೇ. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿ. ಖಾನಸಾಹೇಬರಿಗೆ ವಾದ್ಯಗಳ ದುರಸ್ತಿಯೂ ಕರಗತವಾಗಿತ್ತೆಂಬುದನ್ನು ನಾವು ಮರೆಯಬಾರದು. ಅಂಥ ಗಾಯಕರು ತಂಬೂರಿಯನ್ನು ಪೂಜೆಗೆ ಇಟ್ಟವರಲ್ಲ, ಬಿಚ್ಚಿ ಕಟ್ಟಿದವರು.

ಏಕೆಂದರೆ ತಂಬೂರಿ ಬಿಚ್ಚಿ ಕಟ್ಟದಿದ್ದರೆ ಬದುಕುವ ವಾದ್ಯವಲ್ಲ. ಅದರ ಪ್ರಾಣ ಜವಾರಿಯಲ್ಲಿದೆ. ನಮ್ಮ ಕಡೆ ಜವಾರಿ ಎಂದರೆ ನಾಟಿ; ಜವಾರಿ ಜೋಳ, ಜವಾರಿ ಕೋಳಿ. ತಂಬೂರಿಯ ಜವಾರಿ ಬೇರೆ. ನಾಲ್ಕು ತಂತಿಗಳು ಹಾಯುವ ಘೋಡಿಯ ಮೇಲ್ಮೈಯನ್ನು ಕೂದಲೆಳೆಯಷ್ಟು ಇಳಿಜಾರಾಗಿ ಒರೆದು, ತಂತಿಯ ಕೆಳಗೆ ನೂಲಿನ ಎಳೆ ಸೇರಿಸಿ ಸರಿಯಾದ ಜಾಗಕ್ಕೆ ಸರಿಸಿದಾಗ ಒಂದು ತಂತಿಯಿಂದ ಹತ್ತು ಸ್ವರಗಳು ಎದ್ದಂತೆ ಝೇಂಕಾರ ಬರುತ್ತದಲ್ಲ, ಅದು ಜವಾರಿ. ನುಡಿಸಿದಷ್ಟೂ ತಂತಿ ಘೋಡಿಯನ್ನು ತಿನ್ನುತ್ತದೆ, ಮತ್ತೆ ಒರೆಯಬೇಕು. ಒರೆಯುವ ಕೈ ಬೇಕು, ಕೇಳುವ ಕಿವಿ ಬೇಕು. ಇವೆರಡೂ ಹರಾಜಿಗೆ ಬರುವ ವಸ್ತುಗಳಲ್ಲ.

ಒಂದು ಊರಿನ ಸಂಗ್ರಹಾಲಯದಲ್ಲಿ ಹಿರಿಯ ಗಾಯಕರೊಬ್ಬರ ತಂಬೂರಿಯನ್ನು ನಾನು ನೋಡಿದ್ದೇನೆ. ಊರಿನ ಹೆಸರು ಬೇಡ. ಗಾಜಿನ ಪೆಟ್ಟಿಗೆ ಥಳಥಳಿಸುತ್ತಿತ್ತು. ಒಳಗೆ ಎರಡು ತಂತಿ ಹರಿದಿದ್ದವು, ಒಂದು ಜೋತುಬಿದ್ದಿತ್ತು, ಘೋಡಿ ತನ್ನ ಜಾಗ ಬಿಟ್ಟು ಸರಿದಿತ್ತು. ಕಾವಲುಗಾರನನ್ನು ಕೇಳಿದೆ: "ಇದಕ್ಕೆ ತಂತಿ ಹಾಕಿಸುವುದಿಲ್ಲವೇನಪ್ಪಾ?" ಅವನು ಹೇಳಿದ: "ಮುಟ್ಟಬಾರದ್ರೀ ಸಾಹೇಬರ, ಬಾಳ ಬೆಲೆಯ ಸಾಮಾನು ಅದು." ನನ್ನ ವಾದವನ್ನೆಲ್ಲ ಆ ಕಾವಲುಗಾರ ಒಂದೇ ಮಾತಿನಲ್ಲಿ ಹೇಳಿಬಿಟ್ಟ. ಬೆಲೆ ಬಂತು, ಆದ್ದರಿಂದ ಮುಟ್ಟಬಾರದು. ಮುಟ್ಟಲಿಲ್ಲ, ಆದ್ದರಿಂದ ಸತ್ತಿತು.

ಇಲ್ಲೊಂದು ಆಕ್ಷೇಪ ಬರುತ್ತದೆ, ನ್ಯಾಯವಾದ ಆಕ್ಷೇಪವೇ. "ಸಂಗ್ರಹಾಲಯ ಇಲ್ಲದಿದ್ದರೆ ಮಹನೀಯರ ವಾದ್ಯಗಳು ಅಟ್ಟದ ಮೇಲೆ ಗೆದ್ದಲ ಪಾಲಾಗುತ್ತವೆ, ಬೆಲೆ ಇದ್ದರೆ ತಾನೇ ಕಾಪಾಡುವವರು ಹುಟ್ಟುತ್ತಾರೆ?" ಗೆದ್ದಲಿನಿಂದ ಕಾಪಾಡುವುದು ಬೇಡವೆಂದು ಯಾರೆಂದರು? ಮೌನದಿಂದಲೂ ಕಾಪಾಡಿರಿ ಎಂಬುದಷ್ಟೇ ನನ್ನ ಮಾತು. ಇದು ಆಗದ ಕೆಲಸವಲ್ಲ. 1840ರಲ್ಲಿ ತೀರಿಕೊಂಡ ಪಗನೀನಿ ತನ್ನ ಪಿಟೀಲನ್ನು ಹುಟ್ಟೂರಾದ ಇಟಲಿಯ ಜಿನೋವಾ ನಗರಕ್ಕೆ ಬಿಟ್ಟುಹೋದ. 1743ರಲ್ಲಿ ಗ್ವಾರ್ನೇರಿ ಮಾಡಿದ ಆ ಪಿಟೀಲು ಇಂದಿಗೂ ನಗರದ ಸ್ವತ್ತು. ಅದಕ್ಕೆ ಬೀಗವಿದೆ, ಕಾವಲಿದೆ. ಆದರೆ ಪಗನೀನಿಯ ಹೆಸರಿನ ಸ್ಪರ್ಧೆಯಲ್ಲಿ ಗೆದ್ದ ಎಳೆಯ ವಾದಕರ ಕೈಗೆ ಅದನ್ನು ಕೊಟ್ಟು ನುಡಿಸುತ್ತಾರೆ. ಗೆದ್ದವರಿಗೆ ಇದಕ್ಕಿಂತ ದೊಡ್ಡ ಪದಕ ಯಾವುದು? ಪಿಟೀಲಿಗೆ ಇದಕ್ಕಿಂತ ದೊಡ್ಡ ಪೂಜೆ ಯಾವುದು? ನಮ್ಮಲ್ಲಿಯೂ ಮಹನೀಯರ ಪುಣ್ಯತಿಥಿಗೆ ಭಾಷಣಗಳಾಗುತ್ತವೆ, ಹಾರಗಳು ಬೀಳುತ್ತವೆ. ಅಂದು ಅವರದೇ ತಂಬೂರಿಗೆ ಹೊಸ ತಂತಿ ಹಾಕಿ, ಜವಾರಿ ತೆಗೆಸಿ, ಕಲಿಯುವ ಹುಡುಗಿಯೊಬ್ಬಳ ಹಿಂದೆ ಅದನ್ನು ಮಿಡಿದರೆ ಯಾವ ಸ್ಮಾರಕಕ್ಕೆ ಕುಂದು ಬಂದೀತು?

ಇನ್ನು ಹಣದ ಮಾತು. ಕೊಬೇನನ ಗಿಟಾರಿಗೆ ಬಿದ್ದ 45 ಕೋಟಿಯನ್ನು ಲೆಕ್ಕಕ್ಕೆ ಹಿಡಿಯೋಣ. ಒಂದು ಉತ್ತಮ ತಂಬೂರಿಗೆ ಉದಾರವಾಗಿ 50 ಸಾವಿರ ರೂಪಾಯಿ ಎಂದರೂ ಅಷ್ಟು ಹಣಕ್ಕೆ ಒಂಬತ್ತು ಸಾವಿರ ತಂಬೂರಿ ಬರುತ್ತವೆ. ನಮ್ಮಲ್ಲಿ ಕೋಟಿ ಸುರಿಯುವವರು ಇಲ್ಲ, ನಿಜ. ಆದರೆ ಸಾವಿರ ಸುರಿಯುವವರಾದರೂ ತಂಬೂರಿಯ ಕಡೆ ನೋಡುತ್ತಾರೆಯೇ? ಸಂಗೀತ ಕಲಿಸುವ ಮನೆಗಳಲ್ಲಿ ಈಗ ಕೈಯಗಲದ ವಿದ್ಯುತ್ ಪೆಟ್ಟಿಗೆ ಕೂತಿದೆ. ಅದೂ ಹೋಗಿ ಮೊಬೈಲ್ ಬಂದಿದೆ. ಗುಂಡಿ ಒತ್ತಿದರೆ ಷಡ್ಜ ಪಂಚಮ ತಾವಾಗಿ ನುಡಿಯುತ್ತವೆ. ಬಡ ಹುಡುಗನಿಗೆ ಅದು ಊರುಗೋಲು; ಅದನ್ನು ಕಸಿಯಬೇಕೆಂದು ನಾನು ಹೇಳುವುದಿಲ್ಲ. ಆದರೆ ಶ್ರುತಿ ಕೂಡಿಸುವ ಅರ್ಧ ತಾಸೇ ಸಂಗೀತದ ಮೊದಲ ಪಾಠ. ಆ ಪಾಠ ತಪ್ಪಿದ ಕಿವಿ, ಗಾಜಿನ ಪೆಟ್ಟಿಗೆಯ ಮುಂದೆ ಕೈ ಮುಗಿದ ಮಾತ್ರಕ್ಕೆ ಬಂದೀತೇ? 2024ರಲ್ಲಿ ಮಿರಜದ ಸಿತಾರ ತಂಬೂರಿಗಳಿಗೆ ಜಿ.ಐ. ಎಂಬ ಭೌಗೋಳಿಕ ಮಾನ್ಯತೆ ದೊರೆಯಿತು. ಸಂತೋಷ. ಆದರೆ ಮಾನ್ಯತೆಯ ಕಾಗದಕ್ಕೆ ಚೌಕಟ್ಟು ಹಾಕಿಸಿದರೆ ಒಲೆ ಉರಿಯದು. ಕೊಳ್ಳುವ ಕೈ ಬಂದರೆ ಮಾತ್ರ ಆ ಮನೆಗಳ ಮಕ್ಕಳು ಉಳಿ ಹಿಡಿದಾರು.

ನಮ್ಮ ಸೀಮೆಯ ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಶ್ರೀಕೃಷ್ಣ ಪಾರಿಜಾತವನ್ನು ಆಟವಾಗಿ ಬೆಳೆಸಿದ ತಮ್ಮಣ್ಣ ನಮ್ಮ ಕುಲಗೋಡದವನು. ಅದನ್ನು ಹಾಡಿ ಕುಣಿದು ಮೆರೆಸಿದ ನಿಂಗಮ್ಮ ನಮ್ಮ ಕೌಜಲಗಿಯವಳು. ತಮ್ಮಣ್ಣನ ತಾಳ ಎಲ್ಲಿ, ನಿಂಗಮ್ಮನ ಗೆಜ್ಜೆ ಎಲ್ಲಿ ಎಂದು ಯಾರೂ ಹುಡುಕಲಿಲ್ಲ. ಯಾರೂ ಹರಾಜು ಕೂಗಲಿಲ್ಲ. ಆದರೂ ಪಾರಿಜಾತ ಉಳಿದು ಬಂತು. ತಾಳವನ್ನು ಕಾದಿಟ್ಟದ್ದರಿಂದಲ್ಲ, ಒಬ್ಬರ ಕೈಯಿಂದ ಇನ್ನೊಬ್ಬರು ತಾಳ ತೆಗೆದುಕೊಂಡದ್ದರಿಂದ. ದೊಡ್ಡವರ ವಾದ್ಯಕ್ಕೆ ಬೆಲೆ ಕಟ್ಟಲೇಬೇಕೆನ್ನುವವರು ಈ ಲೆಕ್ಕದಲ್ಲಿ ಕಟ್ಟಲಿ: ಕಳೆದ ವರುಷ ಅದನ್ನು ಎಷ್ಟು ಜನ ನುಡಿಸಿದರು? ಉತ್ತರ ಸೊನ್ನೆಯಾದರೆ ಅದರ ಬೆಲೆಯೂ ಅಷ್ಟೇ.