ಮಳೆ, ಬಿಸಿಲು, ಚಳಿಗೆ ಒಂದೇ ರೈಡಿಂಗ್ ಜಾಕೆಟ್ ಸಾಕೇ? ಕೊಳ್ಳುವ ಮುನ್ನ ತಿಳಿಯಿರಿ

ಮಳೆಗಾಲ ಹತ್ತಿರವಾಗುತ್ತಿದ್ದಂತೆ ಬೈಕ್ ಸವಾರರ ಮೊಬೈಲ್‌ಗೆ ‘ಆಲ್ ವೆದರ್’ ಜಾಕೆಟ್‌ಗಳ ಜಾಹೀರಾತು, ಫಾರ್ವರ್ಡ್‌ಗಳು ಬರತೊಡಗುತ್ತವೆ. ‘ಎಲ್ಲ ಕಾಲಕ್ಕೂ ಒಂದೇ, ಬಿದ್ದರೂ ಏನೂ ಆಗಲ್ಲ’ ಎಂಬುದು ಅವುಗಳ ಸಾರ. ದಿನವೂ ಬೈಕಿನಲ್ಲೇ ಕೆಲಸಕ್ಕೆ ಹೋಗುವವರು ಸಾವಿರಾರು ರೂಪಾಯಿ ಕೊಡುವ ಮೊದಲು ಒಂದು ವಿಷಯ ತಿಳಿದಿರಬೇಕು: ಮಳೆ, ಚಳಿ ತಡೆಯುವುದು ಬೇರೆ, ಅಪಘಾತದಲ್ಲಿ ಕಾಪಾಡುವುದು ಬೇರೆ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಪ್ರಕಾರ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನ ಮೃತಪಟ್ಟರು. ಅವರಲ್ಲಿ ಸುಮಾರು ಶೇ. 44.5ರಷ್ಟು ಮಂದಿ ದ್ವಿಚಕ್ರ ವಾಹನದವರು. ಹೆಲ್ಮೆಟ್ ಕಡ್ಡಾಯ, ಜಾಕೆಟ್ ನಮ್ಮ ಆಯ್ಕೆಗೆ ಬಿಟ್ಟದ್ದು. ಹಾಗಾಗಿ ಆಯ್ಕೆಯ ಹೊಣೆಯೂ ನಮ್ಮದೇ.

ದಪ್ಪ ಬಟ್ಟೆ ಎಂದರೆ ಸುರಕ್ಷಿತವೇ?

ಇಲ್ಲ. ಅಂಗಡಿಯಲ್ಲಿ ‘600 ಡೆನಿಯರ್’ ಎನ್ನುತ್ತಾರೆ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಡೆನಿಯರ್. ಇದು ನೂಲಿನ ದಪ್ಪದ ಅಳತೆ ಅಷ್ಟೇ. ಡಾಂಬರಿಗೆ ಉಜ್ಜಿದಾಗ ಬಟ್ಟೆ ಎಷ್ಟು ಹೊತ್ತು ತಾಳುತ್ತದೆ ಎಂಬುದು ನೂಲಿನ ಬಗೆ, ನೇಯ್ಗೆ ಮತ್ತು ಹೊಲಿಗೆಯನ್ನೂ ಅವಲಂಬಿಸಿದೆ.

2011ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದು ಅಪಘಾತಕ್ಕೀಡಾದ 212 ಸವಾರರನ್ನು ಪರಿಶೀಲಿಸಿತು. ರೈಡಿಂಗ್ ಜಾಕೆಟ್, ಪ್ಯಾಂಟ್, ಗ್ಲೌಸ್ ಹಾಕಿದ್ದವರು ಆಸ್ಪತ್ರೆಗೆ ದಾಖಲಾದದ್ದು ಕಡಿಮೆ. ಆದರೆ ಸುಮಾರು ಶೇ. 30ರಷ್ಟು ಜಾಕೆಟ್‌ಗಳು ಅಪಘಾತದಲ್ಲಿ ಹಾನಿಗೊಂಡು ವಿಫಲವಾಗಿದ್ದವು. ಅಂದರೆ ಜಾಕೆಟ್‌ನಿಂದ ಪ್ರಯೋಜನವಿದೆ, ಆದರೆ ಎಲ್ಲ ಜಾಕೆಟ್ ಒಂದೇ ಅಲ್ಲ.

ಹಾಗಾದರೆ ಏನು ನೋಡಬೇಕು?

ಜಾಕೆಟ್‌ನ ಒಳಗಿನ ಲೇಬಲ್ ನೋಡಿ. ಯುರೋಪಿನ ಇಎನ್ 17092 ಮಾನದಂಡದಲ್ಲಿ ‘ಎಎಎ’ ಅತಿ ಹೆಚ್ಚು ರಕ್ಷಣೆಯ ದರ್ಜೆ. ನಂತರ ‘ಎಎ’, ‘ಎ’. ‘ಬಿ’ ದರ್ಜೆಯಲ್ಲಿ ಪೆಟ್ಟು ತಡೆಯುವ ಪ್ಯಾಡ್ ಇರುವುದಿಲ್ಲ. ‘ಸಿ’ ಇರುವುದು ಪ್ಯಾಡ್‌ಗಳನ್ನು ಹಿಡಿದಿಡಲು ಮಾತ್ರ.

ಪ್ಯಾಡ್‌ಗಳ ಮೇಲೆ ಇಎನ್ 1621 ಎಂದಿದೆಯೇ ನೋಡಿ. ‘ಲೆವೆಲ್ 2’ ಪ್ಯಾಡ್ ‘ಲೆವೆಲ್ 1’ಕ್ಕಿಂತ ಕಡಿಮೆ ಪೆಟ್ಟನ್ನು ದೇಹಕ್ಕೆ ದಾಟಿಸುತ್ತದೆ. ಎಷ್ಟೋ ಜಾಕೆಟ್‌ಗಳಲ್ಲಿ ಬೆನ್ನಿನ ಜಾಗಕ್ಕೆ ಬರೀ ಸ್ಪಂಜ್ ಹಾಕಿರುತ್ತಾರೆ, ತೆಗೆದು ನೋಡಿ. ಬೈಕಿನ ಮೇಲೆ ಕೂತಂತೆ ಕೈ ಚಾಚಿದಾಗ ಪ್ಯಾಡ್ ಮೊಣಕೈ ಮೇಲೇ ಉಳಿಯಬೇಕು.

ವಾಟರ್‌ಪ್ರೂಫ್ ಎಂದರೆ ಒದ್ದೆಯಾಗುವುದಿಲ್ಲವೇ?

ವಾಟರ್‌ಪ್ರೂಫ್ ಜಾಕೆಟ್‌ನಲ್ಲಿ ತೆಳುವಾದ ಪೊರೆ ಇರುತ್ತದೆ. ಅದು ಮಳೆ ನೀರನ್ನು ತಡೆದು, ಬೆವರಿನ ಆವಿಯನ್ನು ಹೊರಬಿಡುತ್ತದೆ. ಆದರೆ ಕರಾವಳಿಯ ಮಳೆಗಾಲದಂತೆ ಹೊರಗಿನ ಗಾಳಿಯೇ ತೇವದಿಂದ ತುಂಬಿದ್ದರೆ ಆವಿ ಹೊರಹೋಗುವುದು ನಿಧಾನವಾಗುತ್ತದೆ. ಮಳೆಗೆ ನೆನೆಯದವರು ಬೆವರಿಗೆ ನೆನೆಯುತ್ತಾರೆ.

ಪೊರೆ ಜಾಕೆಟ್‌ನ ಒಳಪದರದಲ್ಲಿದ್ದರೆ ಹೊರಬಟ್ಟೆ ನೀರು ಹೀರಿ ಭಾರವಾಗುತ್ತದೆ. ಆಫೀಸ್ ತಲುಪಿ ಸಂಜೆಯಾದರೂ ಒಣಗಿರುವುದಿಲ್ಲ.

ಬಿಸಿಲಿನಲ್ಲಿ ಜಾಕೆಟ್ ಬೇಡವೇ?

ನಮ್ಮ ಚರ್ಮದ ಉಷ್ಣತೆ ಸುಮಾರು 33ರಿಂದ 35 ಡಿಗ್ರಿ. ಕಲಬುರಗಿ, ರಾಯಚೂರಿನಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಬೀಸುವ ಗಾಳಿ ಮೈಗೆ ಶಾಖವನ್ನೇ ತರುತ್ತದೆ. ಬರಿಗೈಯಲ್ಲಿ ಓಡಿಸಿದರೆ ತಂಪು ಎಂಬ ಮಾತು ಆಗ ನಿಲ್ಲದು. ಗಾಳಿಯಾಡುವ ಮೆಶ್ ಜಾಕೆಟ್ ಬಿಸಿಲನ್ನು ಮರೆಮಾಡಿ, ಬೆವರು ಆರಲೂ ಬಿಡುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಸೆಕೆಯಾಗುವುದು ನಿಜ. ನೀರು ಕುಡಿಯುತ್ತಿರಿ.

ದಿನನಿತ್ಯದ ಸವಾರರಿಗೆ ಯಾವುದು ಸೂಕ್ತ?

ನಮ್ಮ ಹೆಚ್ಚಿನ ಊರುಗಳಿಗೆ ದರ್ಜೆಯ ಲೇಬಲ್ ಹಾಗೂ ಪ್ಯಾಡ್ ಇರುವ ಮೆಶ್ ಜಾಕೆಟ್, ಮಳೆ ಬಂದಾಗ ಅದರ ಮೇಲೆ ಹಾಕಲು ಹೊಳೆಯುವ ಪಟ್ಟಿಯ, ಎದ್ದು ಕಾಣುವ ಬಣ್ಣದ ರೇನ್‌ಕೋಟ್ ಸಾಕು. ಮಡಿಕೇರಿಯಂಥ ಚಳಿಯ ಊರಲ್ಲಿ ಒಳಗೆ ಸ್ವೆಟರ್ ಸೇರಿಸಿ. ಜಾಕೆಟ್‌ಗೇ ಎಲ್ಲ ಹಣ ಸುರಿಯದೆ ಗ್ಲೌಸ್, ಗಟ್ಟಿ ಶೂಗೂ ಉಳಿಸಿಕೊಳ್ಳಿ. ಬೀಳುವಾಗ ನಾವು ಮೊದಲು ಊರುವುದು ಅಂಗೈಯನ್ನೇ.

‘ಆಲ್ ವೆದರ್’ ಎಂಬ ಫಾರ್ವರ್ಡ್ ಮತ್ತೆ ಬಂದರೆ, ಹಂಚುವ ಮುನ್ನ ಒಳಗಿನ ಲೇಬಲ್‌ನ ಫೋಟೊ ಕೇಳಿ.