ಕೊಟ್ಟಿಗೆಯ ಗಾಯಕ್ಕೆ ಜೇನುತುಪ್ಪ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. 1999ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ತಂಡದವಳು. ಈಗ ಗಂಡನ ಮನೆಯಲ್ಲಿ ಆರು ಹಸುಗಳನ್ನು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾಳೆ. ಕುಶಲ ಪ್ರಶ್ನೆ ಮುಗಿಯುವುದಕ್ಕೂ ಬಿಡದೆ, "ಸರ್, ನೀವು ವಿಜ್ಞಾನ ಹೇಳಿಕೊಟ್ಟವರು, ನೀವೇ ಹೇಳಬೇಕು" ಎಂದು ಪ್ರಾರಂಭಿಸಿದಳು. ಅವಳ ಹಸುವೊಂದು ಬೇಲಿ ಹಾರಲು ಹೋಗಿ, ಮುಳ್ಳುತಂತಿ ಗೀರಿ, ತೊಡೆಯ ಮೇಲೆ ಅಂಗೈಯಗಲ ಚರ್ಮ ಕಿತ್ತುಹೋಗಿತ್ತು. "ಜೇನುತುಪ್ಪ ಮತ್ತು ಪ್ರೋಪೊಲಿಸ್ ಇದ್ದರೆ ಯಾವ ಗಾಯಕ್ಕೂ ಪಶುವೈದ್ಯರು ಬೇಡ" ಎಂಬ ವಾಟ್ಸಾಪ್ ಸಂದೇಶವೊಂದನ್ನು ಯಾರೋ ಅವಳಿಗೆ ಕಳುಹಿಸಿದ್ದರು. ಬೆಂಗಳೂರಿನಲ್ಲಿ ಇಂಜಿನಿಯರ್ ಆಗಿರುವ ತಮ್ಮನನ್ನು ಕೇಳಿದರೆ, "ಅದೆಲ್ಲ ಅಜ್ಜಿ ಕಥೆ ಅಕ್ಕ, ಇರುವೆ ಮುತ್ತುತ್ತದೆ ಅಷ್ಟೇ" ಎಂದನಂತೆ. ಯಾರನ್ನು ನಂಬಲಿ ಎಂಬುದು ಅವಳ ಪ್ರಶ್ನೆ.

ಎರಡು ನಿಮಿಷದಲ್ಲಿ ಏನೋ ಉತ್ತರ ಹೇಳಿದೆ. ಆದರೆ ಫೋನು ಇಟ್ಟ ಮೇಲೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಏಕೆಂದರೆ ಈ ವಿಷಯದಲ್ಲಿ ನಾನೇ ಒಮ್ಮೆ ತಪ್ಪು ಮಾಡಿ, ಅದರ ಬೆಲೆಯನ್ನು ಒಂದು ಮೂಕಪ್ರಾಣಿಯಿಂದ ತೆರಿಸಿದವನು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸಂದೇಶ ಕಳುಹಿಸಿದವರೂ ತಪ್ಪು, ಅವಳ ತಮ್ಮನೂ ತಪ್ಪು. ಇಬ್ಬರಲ್ಲಿ ಹೆಚ್ಚು ಅಪಾಯಕಾರಿ ಯಾರೆಂದು ಕೇಳಿದರೆ, ಸಂದೇಶ ಕಳುಹಿಸಿದವರೇ.

ಜೇನುತುಪ್ಪ ಗಾಯ ಮಾಯಿಸುವುದನ್ನು ನಾನು ಮೊದಲು ಕಂಡದ್ದು ಸುಮಾರು 1967ರಲ್ಲಿ. ಅಜ್ಜನ ಬಳಿ ಒಂದು ಜೋಡಿ ಎತ್ತುಗಳಿದ್ದವು. ಒಂದು ವರ್ಷ ಗದ್ದೆ ಹೂಟಿಯ ಕಾಲದಲ್ಲಿ ಬಲಗಡೆಯ ಎತ್ತಿನ ಹೆಗಲು ನೊಗ ಉಜ್ಜಿ ಹುಣ್ಣಾಯಿತು. ಅಜ್ಜ ಉಪ್ಪು ಹಾಕಿ ಕುದಿಸಿ ಆರಿಸಿದ ನೀರಿನಿಂದ ಹುಣ್ಣನ್ನು ತೊಳೆದು, ಮನೆಯ ಹಿಂದಿನ ಪೆಟ್ಟಿಗೆಯ ತುಡುವೆ ಜೇನನ್ನು ಹಚ್ಚಿ, ಕೆಂಡದ ಮೇಲೆ ಬಾಡಿಸಿದ ಎಳೆ ಬಾಳೆಯೆಲೆಯನ್ನು ಮುಚ್ಚಿ, ಹಳೆಯ ಪಂಚೆಯ ಪಟ್ಟಿಯಿಂದ ಕಟ್ಟುತ್ತಿದ್ದರು. ದಿನಕ್ಕೆ ಒಂದು ಸಲ. ಜೇನಿನ ಬಟ್ಟಲು ಹಿಡಿದು ನಿಲ್ಲುವುದು ನನ್ನ ಕೆಲಸ. ಬೆರಳು ನೆಕ್ಕಿದ್ದಕ್ಕೆ ಬೈಸಿಕೊಂಡದ್ದೂ ಉಂಟು. ಕೆಲವೇ ದಿನಗಳಲ್ಲಿ ಹುಣ್ಣಿನ ತಳ ಕೆಂಪಗಾಗಿ, ಅಂಚಿನಿಂದ ಚರ್ಮ ಕೂಡಿಕೊಂಡು ಬಂದಿತು.

ಮುಂದೆ ಬಿ.ಎಡ್. ಮಾಡಿ ವಿಜ್ಞಾನ ಶಿಕ್ಷಕನಾದ ಮೇಲೆ ಈ ನೆನಪನ್ನೇ ಎಷ್ಟೋ ಬಾರಿ ಪ್ರಶ್ನಿಸಿಕೊಂಡಿದ್ದೇನೆ. ಅಜ್ಜ ಜೇನು ಹಚ್ಚಿದ್ದಷ್ಟೇ ಅಲ್ಲ, ಎತ್ತು ಪೂರಾ ಗುಣವಾಗುವವರೆಗೆ ಅದಕ್ಕೆ ನೊಗ ಹೂಡಲಿಲ್ಲ. ಪಕ್ಕದ ಮನೆಯವರ ಎತ್ತನ್ನು ಕಡ ತಂದು ಹೂಟಿ ಮುಗಿಸಿದರು. ಗಾಯ ಮಾಯಿಸಿದ್ದು ಜೇನೋ, ದಿನವೂ ತೊಳೆದ ಉಪ್ಪುನೀರೋ, ವಿಶ್ರಾಂತಿಯೋ? ಹೋಲಿಸಿ ನೋಡಲು ಇನ್ನೊಂದು ಎತ್ತು ಇರಲಿಲ್ಲ. ಒಂದು ಕೊಟ್ಟಿಗೆಯ ಒಂದು ಅನುಭವ ಸಾಕ್ಷ್ಯವಾಗುವುದಿಲ್ಲ ಎಂದು ನಿಮಗೆಲ್ಲ ಪಾಠ ಮಾಡಿದವನು ನಾನೇ ಅಲ್ಲವೇ.

ಹಳೆಯದು ಎಂಬುದೂ ಪ್ರಮಾಣವಲ್ಲ. ಸುಶ್ರುತ ಸಂಹಿತೆಯ ವ್ರಣಚಿಕಿತ್ಸೆಯಲ್ಲಿ ಜೇನು ಮತ್ತು ತುಪ್ಪ ಬರುತ್ತವೆ. ಈಜಿಪ್ಟಿನ ಎಡ್ವಿನ್ ಸ್ಮಿತ್ ಪಪೈರಸ್ ಎಂಬ ಶಸ್ತ್ರವೈದ್ಯದ ಹಸ್ತಪ್ರತಿ ಸುಮಾರು 3,600 ವರ್ಷ ಹಳೆಯದು. ಅದರಲ್ಲಿಯೂ ಗಾಯಕ್ಕೆ ಜೇನು ಮತ್ತು ಕೊಬ್ಬನ್ನು ಬಟ್ಟೆಯ ನಾರಿನೊಂದಿಗೆ ಕಟ್ಟುವ ವಿಧಾನವಿದೆ. ಹೆಮ್ಮೆಪಡಬಹುದು. ಆದರೆ ರೋಗಿಯ ರಕ್ತ ಹರಿಸುವುದು ಕೂಡ ಸಾವಿರಾರು ವರ್ಷ ನಡೆದ ಚಿಕಿತ್ಸೆಯೇ. ಆದ್ದರಿಂದ ಜೇನು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಯಬೇಕು.

ಒಂಬತ್ತನೆಯ ತರಗತಿಯಲ್ಲಿ ಆಲೂಗಡ್ಡೆಯನ್ನು ಬಟ್ಟಲಿನಂತೆ ಕೊರೆದು, ಒಳಗೆ ಸಕ್ಕರೆ ಪಾಕ ತುಂಬಿ, ನೀರಿನ ತಟ್ಟೆಯಲ್ಲಿ ಇಟ್ಟ ಪ್ರಯೋಗ ನಿಮಗೆ ನೆನಪಿರಬೇಕು. ಮರುದಿನ ಬಟ್ಟಲಿನೊಳಗೆ ಪಾಕದ ಮಟ್ಟ ಏರಿರುತ್ತಿತ್ತು. ಅಭಿಸರಣೆ! ಜೇನಿನಲ್ಲಿ ಸುಮಾರು 80 ಭಾಗ ಸಕ್ಕರೆ, 20 ಭಾಗದಷ್ಟು ಮಾತ್ರ ನೀರು. ಅಂತಹ ದ್ರವದಲ್ಲಿ ಸಿಕ್ಕಿಬಿದ್ದ ಬ್ಯಾಕ್ಟೀರಿಯಾದ ನೀರನ್ನು ಜೇನು ಹೀರಿಬಿಡುತ್ತದೆ. ಗಾಯದ ಒಳಗಿನ ರಸವನ್ನೂ ಮೇಲಕ್ಕೆ ಸೆಳೆದು ಕೊಳೆಯನ್ನು ಸಡಿಲಿಸುತ್ತದೆ. ಜೇನು ಆಮ್ಲೀಯವೂ ಹೌದು. ಇವೆಲ್ಲಕ್ಕಿಂತ ಸ್ವಾರಸ್ಯದ ಸಂಗತಿ ಇನ್ನೊಂದಿದೆ. ಜೇನುನೊಣಗಳು ಮಕರಂದಕ್ಕೆ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಸೇರಿಸುತ್ತವೆ. ಗಟ್ಟಿ ಜೇನಿನಲ್ಲಿ ಅದು ಹೆಚ್ಚುಕಡಿಮೆ ನಿದ್ರಿಸುತ್ತಿರುತ್ತದೆ. ಗಾಯದ ರಸ ಬೆರೆತು ಜೇನು ತೆಳುವಾದೊಡನೆ ಅದು ಎಚ್ಚೆತ್ತು, ಸ್ವಲ್ಪ ಸ್ವಲ್ಪವಾಗಿ ಹೈಡ್ರೋಜನ್ ಪೆರಾಕ್ಸೈಡ್ ತಯಾರಿಸುತ್ತದೆ. ಜೇನನ್ನು ಒಲೆಯ ಮೇಲೆ ಕಾಯಿಸಿದರೆ ಈ ಕಿಣ್ವ ನಾಶವಾಗುತ್ತದೆ. "ಶುದ್ಧಿ ಮಾಡಲು ಕಾಯಿಸಿದೆ" ಎನ್ನುವವರು ಗಮನಿಸಬೇಕು. ವೈದ್ಯಕೀಯ ಬಳಕೆಯ ಜೇನನ್ನು ಗಾಮಾ ಕಿರಣಗಳಿಂದ ಶುದ್ಧೀಕರಿಸುವುದು ಇದೇ ಕಾರಣಕ್ಕಾಗಿ.

ನ್ಯೂಜಿಲೆಂಡಿನ ವೈಕಾಟೊ ವಿಶ್ವವಿದ್ಯಾಲಯದ ಪೀಟರ್ ಮೋಲನ್ ಅವರು ಅಲ್ಲಿಯ ಮನೂಕಾ ಗಿಡದ ಜೇನಿನ ಬಗ್ಗೆ ದಶಕಗಳ ಕಾಲ ಅಧ್ಯಯನ ನಡೆಸಿದರು. 2007ರಲ್ಲಿ ಅಮೆರಿಕದಲ್ಲಿ ಮನುಷ್ಯರ ಗಾಯಕ್ಕೆ ಜೇನಿನ ಪಟ್ಟಿಗಳನ್ನು ಮಾರಲು ಅನುಮತಿ ದೊರೆಯಿತು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕುದುರೆಗಳ ಕಾಲಿನ ಗಾಯಗಳ ಮೇಲೆ ಪ್ರಯೋಗಗಳಾದವು. ಇದನ್ನೆಲ್ಲ ಅಜ್ಜಿ ಕಥೆ ಎನ್ನುವುದು ಆ ಇಂಜಿನಿಯರ್ ತಮ್ಮನಿಗೆ ಶೋಭಿಸದು. ನನಗೆ ಬಹಳ ಆಪ್ತವಾದ ವರದಿಯೆಂದರೆ 2011ರಲ್ಲಿ ಪ್ರಕಟವಾದ ಕೀನ್ಯಾ ದೇಶದ್ದು. ಕಾಲುಬಾಯಿ ಜ್ವರ ಬಂದ ಹಸುಗಳ ಹುಣ್ಣನ್ನು ತೊಳೆದು ಅಲ್ಲಿಯವರು ಹಚ್ಚಿದ್ದು ಏನನ್ನು? ಜೇನುತುಪ್ಪ ಮತ್ತು ರಾಗಿ ಹಿಟ್ಟು! ನಮ್ಮ ರಾಗಿ ಮೂಲತಃ ಆಫ್ರಿಕದಿಂದ ಬಂದದ್ದೇ ಆದ್ದರಿಂದ ಆಶ್ಚರ್ಯಪಡಬೇಕಾಗಿಲ್ಲ, ಆದರೂ ಓದಿ ಸಂತೋಷವಾಯಿತು. ಇಂತಹ ಚಿಕಿತ್ಸೆಗೆ ಇನ್ನೊಂದು ಲಾಭವೂ ಇದೆ. ಪ್ರತಿಜೀವಕದ ಸೂಜಿ ಹಾಕಿಸಿದರೆ ಇಂತಿಷ್ಟು ದಿನ ಹಾಲನ್ನು ಮಾರಬಾರದು. ಎಷ್ಟು ಮನೆಗಳಲ್ಲಿ ಆ ನಿಯಮ ನಡೆಯುತ್ತದೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಸಣ್ಣ ಗಾಯವೊಂದು ಜೇನಿನಿಂದಲೇ ಮಾಯುವುದಾದರೆ ಆ ಔಷಧ ನಮ್ಮ ಲೋಟದೊಳಗೆ ಬರುವುದು ಅಷ್ಟರಮಟ್ಟಿಗೆ ತಪ್ಪುತ್ತದೆ.

ಇನ್ನು ನನ್ನ ತಪ್ಪಿನ ಕಥೆ. 1991-92ರಲ್ಲಿ ದಕ್ಷಿಣ ಭಾರತದ ತುಡುವೆ ಜೇನಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಡಿಯಿತು. ಮರಿಹುಳುಗಳು ನೀರು ತುಂಬಿದ ಚೀಲಗಳಂತೆ ಸಾಯುತ್ತಿದ್ದವು. ನಮ್ಮ ಮನೆಯ ನಾಲ್ಕೂ ಪೆಟ್ಟಿಗೆಗಳು ಖಾಲಿಯಾದವು. 1996ರ ಮಳೆಗಾಲದಲ್ಲಿ ನಮ್ಮ ಗೌರಿಯ ನಾಲ್ಕು ತಿಂಗಳ ಕರುವಿಗೆ ಕೊಟ್ಟಿಗೆಯ ಬಾಗಿಲಿನ ಮೊಳೆ ಬಾಲದ ಬುಡದಲ್ಲಿ ಚುಚ್ಚಿತು. ಹೊರಗಿನಿಂದ ನೋಡಿದರೆ ಕಡಲೆಕಾಳಿನಷ್ಟು ರಂಧ್ರ. ಅಜ್ಜನ ಎತ್ತನ್ನು ನೆನೆದು, ಅಂಗಡಿಯಿಂದ ಜೇನಿನ ಬಾಟಲಿ ತಂದು, ರಂಧ್ರದ ತುಂಬ ಸುರಿದು ಬಟ್ಟೆ ಕಟ್ಟಿದೆ. ಮೂರನೆಯ ದಿನ ವಾಸನೆ ಬಂದಿತು. ಕರು ಮೇವು ಬಿಟ್ಟು ಸುಮ್ಮನೆ ಬಾಲ ಬಡಿಯುತ್ತಿತ್ತು. ಅಮ್ಮ, "ಡಾಕ್ಟರನ್ನು ಕರೆಸೋ" ಎಂದಳು. ನಾನು ಕೇಳಲಿಲ್ಲ. ಜೇನು ಕೊಳೆಯನ್ನು ಹೊರಗೆ ಸೆಳೆಯುತ್ತಿದೆ ಎಂದು ಅಮ್ಮನಿಗೆ ಅಭಿಸರಣೆಯ ಪಾಠ ಹೇಳಿದೆ. ಆರನೆಯ ದಿನ ಪಶುವೈದ್ಯರು ಬಂದು ಬಟ್ಟೆ ಬಿಚ್ಚಿದಾಗ ಒಳಗೆಲ್ಲ ಹುಳ. ನೊಣ ಇಟ್ಟ ಮೊಟ್ಟೆ ಒಂದೇ ದಿನದಲ್ಲಿ ಒಡೆದು, ಹುಳಗಳು ಜೀವಂತ ಮಾಂಸವನ್ನೇ ಕೊರೆಯುತ್ತಾ ಒಳಗೆ ಇಳಿದಿದ್ದವು. ಚಿಮಟದಿಂದ ತೆಗೆದಷ್ಟೂ ಬರುತ್ತಿದ್ದವು. "ಮೇಷ್ಟ್ರೇ, ಮೊದಲೇ ಕರೆದಿದ್ದರೆ ಟರ್ಪೆಂಟೈನ್ ಹತ್ತಿಯಲ್ಲಿ ಮುಗಿಯುತ್ತಿತ್ತು" ಎಂದರು ಅವರು. ಅವರ ಧ್ವನಿಯಲ್ಲಿ ಆಕ್ಷೇಪಣೆಯಿರಲಿಲ್ಲ, ಅದು ನನಗೆ ಇನ್ನೂ ಕಷ್ಟವಾಯಿತು. ಎರಡನೆಯ ದಿನ ಬೆಳಗಿನ ಜಾವ ಕರು ಸತ್ತಿತು. ಗೌರಿ ಮೂರು ದಿನ ಸೊರ ಬಿಡಲಿಲ್ಲ. ಅಮ್ಮ ಏನೂ ಅನ್ನಲಿಲ್ಲ. ಉಳಿದ ಜೇನನ್ನು ತೆಂಗಿನ ಬುಡಕ್ಕೆ ಸುರಿದು ಬಾಟಲಿ ತೊಳೆದಿಟ್ಟಳು.

ಆ ಬಾಟಲಿಯಲ್ಲಿ ಇದ್ದದ್ದು ಜೇನೇ ಹೌದೋ ಅಲ್ಲವೋ ಎಂಬುದು ಈಗಲೂ ನನಗೆ ಅನುಮಾನ. ನೀರಿಗೆ ಹಾಕಿ ನೋಡುವುದು, ಬೆಂಕಿಕಡ್ಡಿಗೆ ಸವರಿ ಗೀರುವುದು, ಇರುವೆ ಮುತ್ತುತ್ತದೆಯೇ ಎಂದು ಕಾಯುವುದು, ಇವು ಯಾವುವೂ ನಂಬಲರ್ಹವಾದ ಪರೀಕ್ಷೆಗಳಲ್ಲ. 2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 13 ಬ್ರ್ಯಾಂಡುಗಳ ಜೇನನ್ನು ಪರೀಕ್ಷಿಸಿದಾಗ ಎಲ್ಲ ಪರೀಕ್ಷೆಗಳಲ್ಲಿ ಉತ್ತೀರ್ಣವಾದದ್ದು ಮೂರು ಮಾತ್ರ. ಆದರೆ ಇದನ್ನು ನೆಪವಾಗಿ ಹೇಳುತ್ತಿಲ್ಲ. ಅಂದು ಅಪ್ಪಟ ತುಡುವೆ ಜೇನೇ ಇದ್ದಿದ್ದರೂ ಕರು ಉಳಿಯುತ್ತಿರಲಿಲ್ಲ. ಆಳಕ್ಕೆ ಚುಚ್ಚಿದ ಗಾಯ, ಹುಳ ಬಿದ್ದ ಗಾಯ, ಕೀಲು ಅಥವಾ ಮೂಳೆ ಕಾಣುವ ಗಾಯ, ಕೆಚ್ಚಲಿನ ತೊಟ್ಟು ಸೀಳಿದ ಗಾಯ ಜೇನಿನ ಕೆಲಸವಲ್ಲ. ನಾಯಿ ಕಡಿದರಂತೂ ಜೇನಿನ ಯೋಚನೆಯನ್ನೇ ಮಾಡಬೇಡಿ. ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು, ಅದೇ ದಿನ ಲಸಿಕೆಯ ವ್ಯವಸ್ಥೆ ಮಾಡಬೇಕು. ತೊಳೆದವರೂ ವೈದ್ಯರನ್ನು ಕಾಣಬೇಕು.

ಮನೆಯ ಜೇನಾದರೂ ಕಣ್ಣುಮುಚ್ಚಿ ನಂಬುವಂತಿಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಕುದುರೆಗಳ ಗಾಯಕ್ಕಾಗಿ 29 ಬಗೆಯ ಜೇನನ್ನು ಪರೀಕ್ಷಿಸಿದರು. ಅವುಗಳಲ್ಲಿ 18ರೊಳಗೆ ಬ್ಯಾಕ್ಟೀರಿಯಾ ಅಥವಾ ಶಿಲೀಂಧ್ರಗಳಿದ್ದವು. ಉಳಿದವು ಒಳ್ಳೆಯ ಗುಣವನ್ನೇ ತೋರಿಸಿದವು ಎಂಬುದನ್ನೂ ಹೇಳಬೇಕು. ಹೆಜ್ಜೇನಿನ ಹುಟ್ಟನ್ನು ಕೈಯಲ್ಲಿ ಹಿಂಡಿ ತೆಗೆದ ತುಪ್ಪದಲ್ಲಿ ಮರಿಹುಳುಗಳ ರಸವೂ ಸೇರಿರುತ್ತದೆ. ರೊಟ್ಟಿಗೆ ಇರಲಿ, ಗಾಯಕ್ಕೆ ಬೇಡ. ಮಿಸರಿ ಜೇನು, ಅಂದರೆ ಕರಾವಳಿಯವರ ಮುಜಂಟಿ, ಬಹಳ ಔಷಧೀಯವೆಂದು ಹೆಸರಾದದ್ದು. ಆದರೆ ಅದರಲ್ಲಿ ನೀರಿನ ಅಂಶ ಹೆಚ್ಚು, ಬೇಗ ಹುಳಿಯುತ್ತದೆ.

ಪ್ರೋಪೊಲಿಸ್ ಬಗ್ಗೆ ಆಕೆ ಕೇಳಿದಾಗ ನಾನು ನಕ್ಕೆ. ಇದು ಜೇನುನೊಣಗಳು ಮರದ ಮೊಗ್ಗು ಮತ್ತು ತೊಗಟೆಗಳಿಂದ ತಂದು ಮೇಣದೊಂದಿಗೆ ಕಲಸಿ ಬಿರುಕು ಮುಚ್ಚಲು ಬಳಸುವ ಅಂಟು. ಗ್ರೀಕ್ ಭಾಷೆಯಲ್ಲಿ ಊರಬಾಗಿಲ ಮುಂದಿನದು ಎಂಬಂತಹ ಅರ್ಥ. ಗೂಡಿನೊಳಗೆ ನುಗ್ಗಿದ ಇಲಿಯನ್ನು ಚುಚ್ಚಿ ಕೊಂದು, ಹೊರಗೆ ಎಳೆಯಲಾಗದೆ, ಕೊಳೆಯದಂತೆ ಈ ಅಂಟಿನಿಂದಲೇ ಮುಚ್ಚಿಬಿಡುತ್ತವೆ! ಅಂತಹ ವಸ್ತುವಿನಲ್ಲಿ ಗುಣವಿಲ್ಲ ಎನ್ನಲಾರೆ. ಆದರೆ ಇದನ್ನು ಹೇರಳವಾಗಿ ಸಂಗ್ರಹಿಸುವುದು ಯುರೋಪಿನ ಮೆಲ್ಲಿಫೆರಾ ಜೇನು. ನಮ್ಮ ತುಡುವೆ ಇದರ ಗೋಜಿಗೇ ಹೋಗುವುದಿಲ್ಲ ಎನ್ನಬಹುದು. "ನಮ್ಮ ಪೂರ್ವಜರ ತುಡುವೆ ಪ್ರೋಪೊಲಿಸ್" ಎಂದು ಮಾರುವವರನ್ನು ಈ ಒಂದು ಪ್ರಶ್ನೆ ಕೇಳಿ ನೋಡಿ. ಮೇಲಾಗಿ ಯುರೋಪಿನಲ್ಲಿ ಅದು ಬಹುಪಾಲು ಪಾಪ್ಲರ್ ಮರದ ಅಂಟು, ಬ್ರೆಜಿಲ್ಲಿನಲ್ಲಿ ಬೇರೊಂದು ಪೊದೆಗಿಡದ್ದು. ಹೆಸರು ಒಂದೇ, ಸರಕು ಬೇರೆ. ಮದ್ಯಸಾರದಲ್ಲಿ ಕರಗಿಸಿದ ಹನಿಗಳನ್ನು ಹಸಿಗಾಯಕ್ಕೆ ಹಾಕಿದರೆ ಉರಿಯುತ್ತದೆ. ಕೆಲವರಿಗೆ ಮುಟ್ಟಿದರೇ ಚರ್ಮ ಕೆರಳುತ್ತದೆ. ಪಶುವೈದ್ಯರು ಹೇಳಿದ ಹೊರತು ಅದಕ್ಕೆ ಹಣ ಸುರಿಯಬೇಡ ಎಂದೆ.

ಹಸುವಿನ ವಿಷಯದಲ್ಲಿ, ಮೊದಲು 1962ಕ್ಕೆ ಕರೆ ಮಾಡಿ ಡಾಕ್ಟರನ್ನು ಕರೆಸು, ಜೇನಿನ ಮಾತು ಆಮೇಲೆ ಎಂದಿದ್ದೆ. ಅವರು ಬಂದು ಗಾಯ ನೋಡಿ, ಮೇಲ್ಮೈಯದ್ದೇ ಎಂದು ಖಚಿತಪಡಿಸಿ, ತೊಳೆದು ಸೂಜಿ ಕೊಟ್ಟರಂತೆ. ಜೇನು ಹಚ್ಚಲೇ ಎಂದು ಇವಳು ಕೇಳಿದ್ದಕ್ಕೆ, ಯಂತ್ರದಲ್ಲಿ ತೆಗೆದ ಪೆಟ್ಟಿಗೆ ಜೇನಾದರೆ ಹಚ್ಚಿ, ದಿನವೂ ಬಿಚ್ಚಿ ನೋಡಿ, ನೊಣ ಕೂರದಂತೆ ಮುಚ್ಚಿ ಎಂದರಂತೆ. ತೊಡೆಯ ಮೇಲೆ ಪಟ್ಟಿ ನಿಲ್ಲದೆ ಮೂರು ಸಲ ಕಟ್ಟಿದಳು. ಇರುವೆಯೂ ಬಂದಿತು, ತಮ್ಮನ ಮಾತು ಅಷ್ಟು ಮಟ್ಟಿಗೆ ನಿಜವಾಯಿತು. ನೆಕ್ಕದಂತೆ ಹಗ್ಗ ಮೋಟು ಮಾಡಿ ಕಟ್ಟಬೇಕಾಯಿತು.

ನಿನ್ನೆ ಸಂಜೆ ಒಂದು ಚಿತ್ರ ಕಳುಹಿಸಿದ್ದಾಳೆ. ಗಾಯ ಐದು ರೂಪಾಯಿ ನಾಣ್ಯದಷ್ಟಾಗಿದೆ. ಜೇನಿನಿಂದಲೋ, ಸೂಜಿಯಿಂದಲೋ, ದಿನವೂ ತೊಳೆದದ್ದರಿಂದಲೋ ಎಂದು ಕೇಳಿದೆ. "ಹೋಲಿಸೋಕೆ ಇನ್ನೊಂದು ಹಸು ಇಲ್ಲವಲ್ಲ ಸರ್" ಎಂದು ಉತ್ತರ ಬರೆದಿದ್ದಾಳೆ.